ಅಂಚಿನ ಚೂರಿನ ಹಟ

ನಾನು ಒಂದು ಮೇಣದ ಬಿಲ್ಲೆ. ನನ್ನ ಹೊಟ್ಟೆಯೊಳಗೆ ಸ್ತನ ಕ್ಯಾನ್ಸರಿನ ಒಂದು ಚೂರಿದೆ. ಮುಖ ಕಿವಿಚಬೇಡಿ, ನಾನೇನು ಬೇಡಿಕೊಂಡು ಹುಟ್ಟಿದ್ದಲ್ಲ.

ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುವ ನೀಲವ್ವನ ಎದೆಯ ಗಡ್ಡೆಯನ್ನು ಸಣ್ಣ ಆಸ್ಪತ್ರೆಯೊಂದರಲ್ಲಿ ತೆಗೆದರು. ಸೀಳದೆ, ಇಡೀ ಉಂಡೆಯನ್ನೇ, ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ ದ್ರವದ ಬಾಟಲಿಗೆ ತುರುಕಿ ಅವಳ ತಮ್ಮನ ಕೈಗೆ ಕೊಟ್ಟರು. ಅವನು ಅದನ್ನು ಸಂತೆ ಚೀಲದಲ್ಲಿಟ್ಟುಕೊಂಡು, ಬಸ್ಸು ಹತ್ತಿ, ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ತಂದ. ಅಲ್ಲಿ ಗಡ್ಡೆಯನ್ನು ಕೊಯ್ದು, ಚೂರುಗಳ ಮೇಲೆ ಕಾದ ಮೇಣ ಹೊಯ್ದು ಆರಿಸಿದರು. ನಡುವಿನ ಚೂರು ಒಂದು ಬಿಲ್ಲೆಯಾಯಿತು. ಅಂಚಿನ ಚೂರು ನಾನಾದೆ.

ನನ್ನೊಳಗೆ ಹರ್-ಟೂ ಎಂಬ ಜೀನ್ ಇದೆ. ಅದು ಎಲ್ಲರ ಮೈಯಲ್ಲೂ ಇರುವಂಥದ್ದೇ. ಬೇಕಾದಾಗ ಜೀವಕೋಶಗಳಿಗೆ ‘ಬೆಳೆಯಿರಿ’ ಎಂದು ಹೇಳಿ ಸುಮ್ಮನಾಗುತ್ತದೆ. ನೀಲವ್ವನ ಗಡ್ಡೆಯಲ್ಲಿ ಮಾತ್ರ ಅದು ನಕಲಿನ ಮೇಲೆ ನಕಲಾಗಿ, ಒಂದೇ ಸಮನೆ ಕೂಗುತ್ತಿತ್ತು. ಅದರ ಬಾಯಿ ಮುಚ್ಚಿಸುವ ಔಷಧಿ ಇದೆ. ಆದರೆ ಪರೀಕ್ಷೆಯಲ್ಲಿ ಅದು ಹೆಚ್ಚಾಗಿದೆ ಎಂದು ಕಂಡವರಿಗಷ್ಟೇ ಕೊಡುತ್ತಾರೆ.

ಪರೀಕ್ಷೆಗೆ ಹೋದದ್ದು ನಡುವಿನ ಬಿಲ್ಲೆ. ಹರ್-ಟೂ ಹೆಚ್ಚಿದ್ದರೆ ಕೋಶಗಳ ಸುತ್ತ ಕಂದಾಗಿ ಹಿಡಿಯುವ ಬಣ್ಣ ಹಾಕಿದರು. ಹಿಡಿಯಲೇ ಇಲ್ಲ. ‘ಹೆಚ್ಚಿಲ್ಲ’ ಎಂದು ವರದಿ ಬಂತು. ನಾನು ಕಪಾಟಿನಲ್ಲಿ ಕುಳಿತು ಕುದಿಯುತ್ತಿದ್ದೆ. ಸುಳ್ಳು, ನನ್ನನ್ನು ಕೇಳಿ! ಆದರೆ ಮೇಣಕ್ಕೆ ಬಾಯಿಯಿಲ್ಲ.

ಬಾಯಿ ಇದ್ದದ್ದು ನೀಲವ್ವನಿಗೆ. ವರದಿ ಹಿಡಿದು ಲ್ಯಾಬಿನ ಡಾಕ್ಟರ್ ರುಕ್ಸಾನಾ ನದಾಫರ ಮುಂದೆ ಬಂದು ಕೂತಳು.

“ಡಾಕ್ಟರ ಬಾಯಾರ, ಆ ಔಷಧ ನನಗ್ಯಾಕ ಇಲ್ಲ? ನಾ ಇನ್ನಾ ಸಾಯಾಕ ತಯಾರಿಲ್ಲ. ಮತ್ತೊಮ್ಮೆ ನೋಡ್ರಿ.”

ರುಕ್ಸಾನಾ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಹುಬ್ಬು ಗಂಟಿಕ್ಕಿದರು. “ಗಡ್ಡಿ ಕೊಯ್ಯಲಾರದ ಬಾಟ್ಲ್ಯಾಗ ಹಾಕ್ಯಾರ್ರಿ. ಫಾರ್ಮಲಿನ್ ಒಳಗ ಇಳದಿಲ್ಲ, ನಡುವಿಂದು ಕೆಟ್ಟೈತಿ.”

“ಮ್ಯಾಲ ಬೆಂದು ಒಳಗ ಹಸಿ ಉಳದ ರೊಟ್ಟಿ ಹಂಗ?”

“ಹೌದ್ರಿ ನೀಲವ್ವಾರ, ಹಂಗ. ಅಂಚಿನ ತುಂಡು ಐತಿ. ಅದನ್ನ ನೋಡ್ತೀನಿ.”

ಕೊನೆಗೂ ನನ್ನ ಸರದಿ ಬಂತು. ಅಲಗು ನನ್ನನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಹೆರೆಯಿತು. ಹೆರೆ, ಇನ್ನೂ ಹೆರೆ ಎಂದೆ. ಬಣ್ಣ ಹಾಕಿದಾಗ ಒಂದೊಂದು ಕೋಶದ ಸುತ್ತಲೂ ಕಡು ಕಂದು ಗೆರೆ ಎದ್ದಿತು. ನೀಲವ್ವನಿಗೆ ಔಷಧಿ ಸಿಕ್ಕಿತು.

ವರ್ಷಗಳು ಕಳೆದಿವೆ. ನಾನು ಸವೆದು ಅರ್ಧವಾಗಿದ್ದೇನೆ. ಹಳೆಯ ಬಿಲ್ಲೆಗಳನ್ನು ಎಸೆಯುವ ಮಾತು ಲ್ಯಾಬಿನಲ್ಲಿ ಆಗಾಗ ಏಳುತ್ತದೆ. ಎಸೆಯಲಿ ನೋಡೋಣ! ಕ್ಯಾನ್ಸರಿನ ಕುಲದ್ದೇ ಆದರೂ ಅದರ ವಿರುದ್ಧ ಸಾಕ್ಷಿ ಹೇಳಿದ್ದು ನಾನು.

ಮೊನ್ನೆ ತಪಾಸಣೆಗೆ ಬಂದ ನೀಲವ್ವ ನನ್ನನ್ನು ನೋಡಲೇಬೇಕೆಂದಳು. ರೊಟ್ಟಿ ಬಡಿದು ದಡ್ಡುಗಟ್ಟಿದ ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಇಷ್ಟ ಏನ್ರಿ ಇದು? ಇದಕ್ಕ ಹೆದರಿ ಅತ್ತಿದ್ನ್ಯಾ ನಾ?”

ನಕ್ಕು, ನನ್ನನ್ನು ಮೇಜಿನ ಮೇಲೆ ಟಕ್ಕೆಂದು ಇಟ್ಟು, ಸೆರಗು ಸಿಕ್ಕಿಸಿಕೊಂಡಳು. “ಒಲಿ ಹಚ್ಚೂ ಹೊತ್ತಾತು, ಬರ್ತೀನ್ರಿ.”

ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ತಿರುಗಿಯೂ ನೋಡದೆ ಹೋದಳಲ್ಲ, ಅದಕ್ಕೇ ತಾನೆ ನಾನು ಹಟ ಹಿಡಿದದ್ದು!