ಗಂಟು ಕಟ್ಟದ ಬೇರು

"ಬ್ಯಾಕ್ಟೀರಿಯಾ ಬದುಕಿದೆ ಅಕ್ಕ, ಚೆನ್ನಾಗೇ ಬೆಳೀತಿದೆ. ಆದ್ರೆ ಗಂಟು ಕಟ್ಟಿಸೋ ಜೀನುಗಳೇ ಇಲ್ಲ," ಎನ್ನುತ್ತಾ ಹೊಸ ಸಂಶೋಧಕಿ ವರದಿಯನ್ನು ಮುಂದೆ ತಳ್ಳಿದಳು.

ಅಕ್ಕ ಕನ್ನಡಕ ಏರಿಸಿಕೊಂಡರು. ಬೀನ್ಸ್ ಗಿಡದ ಬೇರಿನಲ್ಲಿ ಗಂಟು ಕಟ್ಟಿಸಿ, ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ತಳಿ ಅದು. ಇಪ್ಪತ್ತೆರಡು ವರ್ಷದಿಂದ ಅದನ್ನು ತಿಂಗಳು ತಿಂಗಳೂ ಹಳೆಯ ನಳಿಕೆಯಿಂದ ಹೊಸದಕ್ಕೆ ದಾಟಿಸುತ್ತಾ ಬಂದವರು ಅವರೇ. ಅದನ್ನು ಪುಡಿಯಲ್ಲಿ ಬೆರೆಸಿ ತುಂಬಿದ ಪೊಟ್ಟಣಗಳು ಇಲ್ಲಿಂದಲೇ ರೈತರಿಗೆ ಹೋಗುತ್ತಿದ್ದವು. "ಅಕ್ಕನ ಕೂಸು" ಎಂದು ಲ್ಯಾಬಿನಲ್ಲಿ ತಮಾಷೆ ಮಾಡುತ್ತಿದ್ದರು.

"ಇದ್ದದ್ದು ಹೇಗೆ ಹೋಗುತ್ತಮ್ಮ?"

"ಆ ಜೀನುಗಳು ಬೇರೆಯಾಗಿ ಒಂದು ಡಿಎನ್‌ಎ ಉಂಗುರದಲ್ಲಿರ್ತವೆ. ಬಿಸಿ ಜಾಸ್ತಿಯಾದ್ರೆ ಕಳಚಿಹೋಗುತ್ತೆ. ಅದಿಲ್ದೇನೂ ಬ್ಯಾಕ್ಟೀರಿಯಾ ಬದುಕುತ್ತಲ್ಲ, ಅದಕ್ಕೇನಾಗ್ಬೇಕು? ಇನ್‌ಕ್ಯುಬೇಟರ್ ಯಾವಾಗಾದ್ರೂ ಕೆಟ್ಟಿತ್ತಾ?"

"ಇಲ್ಲ." ಬಾಯಿಗೆ ಬಂದದ್ದು ಅದೇ.

ಕೆಟ್ಟಿತ್ತು. ಎರಡು ವರ್ಷದ ಹಿಂದೆ, ಗಂಡನ ಆಪರೇಷನ್ನಿನ ವಾರ. ಆಸ್ಪತ್ರೆಯಿಂದ ಓಡಿಬಂದಾಗ ಅದರ ಮುಳ್ಳು ಮೂವತ್ತೊಂಬತ್ತು ಡಿಗ್ರಿಯಲ್ಲಿ ನಿಂತಿತ್ತು. ತಳಿ ಸತ್ತಿರಲಿಲ್ಲ. ಸದ್ಯ, ಎಂದುಕೊಂಡು ಯಂತ್ರ ಸರಿಮಾಡಿ, ದಾಖಲೆ ಪುಸ್ತಕದಲ್ಲಿ ಆ ವಾರಕ್ಕೆಲ್ಲ ಎಂದಿನಂತೆ ಇಪ್ಪತ್ತೆಂಟು ಎಂದೇ ಬರೆದಿದ್ದರು.

ಮರುವರ್ಷ ಬೇರಿಗೆ ಗಂಟೇ ಬರಲಿಲ್ಲವೆಂದು ರೈತರಿಂದ ದೂರುಗಳು ಬಂದವು. ಪೊಟ್ಟಣ ತುಂಬುವ ಹುಡುಗ ಅವನ್ನು ಬಿಸಿಲಿಗಿಟ್ಟು ಹಾಳುಮಾಡಿದನೆಂದು ಮೇಲಿನವರು ಅವನನ್ನು ಕೆಲಸದಿಂದ ತೆಗೆದರು. "ಅಕ್ಕಾ, ನೀವಾದ್ರೂ ಹೇಳಿ, ನಾನು ಯಾವತ್ತಾದ್ರೂ ಬಿಸಿಲಿಗಿಟ್ಟಿದ್ದೀನಾ?" ಎಂದು ಅವನು ಕೇಳಿದಾಗ, "ನಂಗೇನು ಗೊತ್ತಪ್ಪ" ಎಂದಿದ್ದರು.

ಮಧ್ಯಾಹ್ನ ಮುಖ್ಯಸ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಮುಖ್ಯಸ್ಥರು ಬಾಗಿಲು ಮುಚ್ಚಿ ಬಂದು ಕೂತರು.

"ಮೂರು ತಿಂಗಳಲ್ಲಿ ರಿಟೈರ್ ಆಗ್ತೀರಿ. ಈಗ ಯಾಕಮ್ಮ ಕೆದಕ್ತೀರಾ? ಫ್ರೀಜರ್‌ನಲ್ಲಿ ಹಳೇ ತಳಿ ಇದೆ, ತೆಗೆದು ಶುರುಮಾಡಿ. ಮುಗೀತು."

"ಆ ಹುಡುಗನ ಕೆಲಸ ಹೋಯ್ತಲ್ಲ ಸಾರ್?"

"ಅವನೇನು ಬಂದು ಕೇಳ್ತಿದ್ದಾನಾ?"

ಅಕ್ಕ ತಮ್ಮ ಮೇಜಿಗೆ ಹಿಂದಿರುಗಿ, ತಪ್ಪು ತಮ್ಮದೆಂದು ಕಾಗದ ಬರೆದರು. ಒಂದು ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟು, ಇನ್ನೊಂದನ್ನು ಹಿಡಿದು ಸಂಜೆ ಆ ಹುಡುಗ ಈಗ ಕೆಲಸಕ್ಕಿರುವ ಪಂಕ್ಚರ್ ಅಂಗಡಿ ಹುಡುಕಿಕೊಂಡು ಹೋದರು.

ಅವನು ಟೈರಿನಿಂದ ಟ್ಯೂಬ್ ಎಳೆಯುತ್ತಿದ್ದ. ಅಕ್ಕ ನಿಂತುಕೊಂಡೇ ಎಲ್ಲ ಹೇಳಿದರು. ಗಂಡನ ಆಪರೇಷನ್ನಿನ ವಿಷಯ ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡರು.

ಅವನು ಟ್ಯೂಬನ್ನು ಪೂರ್ತಿ ಹೊರಗೆಳೆದ.

"ನಮ್ಮಪ್ಪ ಹೋಗಿ ನಾಲ್ಕು ತಿಂಗಳಾಯ್ತು ಅಕ್ಕ. ಕೊನೇವರೆಗೂ ನಾನೇ ಮಾಡಿದ್ದೂಂತ ನಂಬಿದ್ರು."

ಅಕ್ಕ ಕಾಗದ ಮುಂದೆ ಚಾಚಿದರು. ಮಸಿ ಮೆತ್ತಿದ ಕೈಗಳನ್ನು ತೋರಿಸಿ ಅವನು ಬೇಡವೆಂದು ತಲೆಯಾಡಿಸಿದ. ಟ್ಯೂಬಿಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆಂದು ಗೇಣು ಗೇಣಾಗಿ ತಿರುಗಿಸತೊಡಗಿದ. ಅಕ್ಕನೂ ನೀರನ್ನೇ ನೋಡುತ್ತಾ ನಿಂತರು.