ಕೊನೆಯ ಲಾಗಿನ್: ಇಂದು ಬೆಳಿಗ್ಗೆ 6.42

ಕಂಪ್ಯೂಟರ್ ಪರದೆಯ ಮೇಲೊಂದು ಬೆಟ್ಟದ ಪ್ರತಿಬಿಂಬ ಬಿದ್ದಿದೆ — ಕಿಟಕಿಯಾಚೆಯ ಮಧುಗಿರಿ ಬೆಟ್ಟವೇ, ಬಿಸಿಲಲ್ಲಿ ಬೋಳುಬೋಳಾಗಿ, ಬಳಕೆದಾರರ ಪಟ್ಟಿಯ ಹಿಂದೆ ತೇಲುತ್ತಿದೆ, ಯಶಸ್ವಿನಿ ಮೌಸಿನ ಗಾಲಿ ತಿರುವಿದಂತೆ ಹೆಸರುಗಳು ಅದರ ಮೈಮೇಲೆ ಇರುವೆ ಸಾಲಿನ ಹಾಗೆ ಹತ್ತುತ್ತವೆ, ಎಡಗಡೆ ಆಸ್ಪತ್ರೆಯ ಮೂರು ಶಾಖೆ, ಮಧುಗಿರಿ, ಶಿರಾ, ಪಾವಗಡ, ಪಕ್ಕದ ಪುಟ್ಟ ಬಾಣ ಒತ್ತಿದರೆ ಬಿಚ್ಚಿಕೊಳ್ಳುತ್ತವೆ, ಒಳಗೆ ವಾರ್ಡು, ಲ್ಯಾಬು, ಅದರೊಳಗೆ ಮನುಷ್ಯರು. ಕೆಲಸ ಬಿಟ್ಟವರನ್ನೆಲ್ಲ ಇವತ್ತೇ ತೆಗೆದುಹಾಕಮ್ಮ ಎಂದು ಮ್ಯಾನೇಜರ್ ನಾಗಭೂಷಣ್ ಹೇಳಿ ಹೋಗಿದ್ದಾರೆ, ರೋಗಿಗಳ ವಿವರ ಹೊರಗಿನವರ ಕಣ್ಣಿಗೆ ಬೀಳಬಾರದು, ನಿಜವೇ — ಶಿರಾ ಲ್ಯಾಬಿನ ಹುಡುಗಿ ಮದುವೆಯಾಗಿ ಹೋದಳು, ಚೌಕದಲ್ಲಿ ಟಿಕ್ಕು, ಪಾವಗಡದ ಡ್ರೈವರ್ ಭೀಮರಾಜು, ಫೋನಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡ, ಟಿಕ್ಕು, ಕಣ್ಣು ಎಳೆಯುತ್ತಿದೆ, ಮಧ್ಯಾಹ್ನದ ಬಸ್ಸಿನಲ್ಲಿ ಕೂತ ಹಾಗೆ, ಹೆಸರುಗಳೇ ಊರುಗಳು, ಬರುತ್ತವೆ, ಹಿಂದೆ ಸರಿಯುತ್ತವೆ, ಸರೋಜಮ್ಮ, ನೋಂದಣಿ ಕೌಂಟರ್, ನಿವೃತ್ತಿ ಯುಗಾದಿಗೆ, ಕೊನೆಯ ಲಾಗಿನ್ ಇಂದು ಬೆಳಿಗ್ಗೆ 6.42.

ಇಂದು? ಸಾಲಿನ ಮೇಲೆ ಒತ್ತುತ್ತಾಳೆ, ನಿನ್ನೆ 6.40, ಮೊನ್ನೆ 6.45, ಭಾನುವಾರವೂ ಬಿಟ್ಟಿಲ್ಲ, ಯಾರೋ ಪಾಸ್‌ವರ್ಡ್ ಕದ್ದಿದ್ದಾರೆ — ಇಲ್ಲ, ಸರೋಜಮ್ಮನೇ, ಆ ಬೆರಳು ಅವಳಿಗೆ ಗೊತ್ತು, ಮೌಸು ಹಿಡಿಯಲು ಕಲಿಸಿದವಳೇ ಅವಳು, ಅಂಗೈಯೊಳಗೆ ಆ ಕೈ ಹಿಡಿದು, ಅಕ್ಕಿಯಾಗೆ ಕಲ್ಲು ಆರಿಸ್ದಂಗೆ ಅಲ್ವೇನಮ್ಮ ಎಂದು ನಕ್ಕಿದ್ದರು. ಈಗ ಕೊರಟಗೆರೆಯಲ್ಲಿ, ತಂಗಿಯ ಮನೆಯಲ್ಲಿ, ಯಶಸ್ವಿನಿ ಮಾಡಿದ ಫೋನು ಎರಡು ಸಲ ಬಡಿಯುವುದರೊಳಗೆ ಎತ್ತಿಕೊಂಡರು, ನಾನೇ ಕಣಮ್ಮ ಫೋನ್ನಾಗೆ ನೋಡೋದು, ಯಾರ್ಯಾರು ಮನೆಗೋದ್ರು ಅಂತ, ಮೂವತ್ತೊಂದು ವರ್ಸ ಬಂದೋರ ಹೆಸ್ರು ಬರ್ಕೊಂಡೆ, ಡಿಸ್ಚಾರ್ಜ್ ಆದೋರು ಹಿಂದ್ಲ ಬಾಗಿಲಾಗೆ ಹೊಂಟೋಗೋರು, ಒಬ್ರನ್ನೂ ನೋಡ್ಲಿಲ್ಲ, ಈಗ ಪಟ್ಟಿ ನೋಡ್ಬುಟ್ಟು ಕಾಫಿ ಕುಡೀತೀನಿ, ಅಷ್ಟೇಯ.

ಹಾಗೆ ನೋಡುವಂತಿಲ್ಲ ಅಮ್ಮ ಎಂದು ಹೇಳಿದ ದನಿ ತನ್ನದೇ ಎಂದು ಯಶಸ್ವಿನಿಗೆ ಅನಿಸಲಿಲ್ಲ, ಆ ಕಡೆ ಲೋಟ ಇಟ್ಟ ಸದ್ದು, ನನ್ ಹೆಸ್ರು ತಗ್ದ್ಬುಡವ್ವ, ನಿನ್ ಕೆಲ್ಸುಕ್ಕೆ ಕುತ್ತು ಬರೋದು ಬ್ಯಾಡ, ಆಮೇಲೆ ಮೆಲ್ಲಗೆ, ಹನ್ನೆರಡನೇ ಬೆಡ್ಡಿನ ಕೂಸು, ಸೇರಿ ಹದಿನೆಂಟು ದಿನ ಆಯ್ತು, ಮನೆಗೋಯ್ತಾ, ಅದೊಂದು ಹೇಳ್ಬುಡು ಮಗಾ. ಅವಳ ಬೆರಳು ಆಗಲೇ ವಾರ್ಡಿನ ಬಾಣ ಒತ್ತಿತ್ತು, ಹನ್ನೆರಡನೇ ಹಾಸಿಗೆ ಖಾಲಿ, ಕೂಸು ತಾಯಿಯ ಜೊತೆ ಮನೆಗೆ, ಇಂದು ಹನ್ನೊಂದು ಗಂಟೆ — ಕಣ್ಣೆದುರೇ ಇದೆ, ನಾಲಿಗೆಯ ತುದಿಯಲ್ಲಿದೆ, ಹೇಳೋ ಹಂಗಿಲ್ಲ ಸರೋಜಮ್ಮ, ಅಂದುಬಿಟ್ಟಳು, ಆಯ್ತು ಬುಡವ್ವ ಅಂದರು ಅವರು, ಬೇಜಾರೂ ಇಲ್ಲದ ದನಿ, ಅದೇ ಚುಚ್ಚಿತು.

ಅವರ ಹೆಸರಿನ ಚೌಕದಲ್ಲಿ ಟಿಕ್ಕು ಬಿತ್ತು, ನಿಷ್ಕ್ರಿಯಗೊಳಿಸಲೇ ಎಂದು ಪರದೆಯ ಮೇಲೆ ಪುಟ್ಟ ಪೆಟ್ಟಿಗೆ ಕೇಳಿತು, ಹೌದು, ಹೆಸರು ಬೂದಿ ಬಣ್ಣಕ್ಕೆ ತಿರುಗಿತು, ಮುಂದಿನ ಹೆಸರು ಯಾರದು, ಓದುತ್ತಾಳೆ, ಓದಿದ್ದು ಒಳಗೆ ಹೋಗುವುದಿಲ್ಲ, ನಾಳೆ 6.42ಕ್ಕೆ ಕೊರಟಗೆರೆಯಲ್ಲಿ ಬೆಳಕು ಹರಿದಿರುತ್ತದೆ, ಫೋನಿನ ಗಾಜಿನ ಮೇಲೆ ಆ ಬೆರಳು, ತೆರೆಯದ ಪಟ್ಟಿ, ಒಂದು ಸಲ, ಇನ್ನೊಂದು ಸಲ, ಪಕ್ಕದಲ್ಲಿ ಸ್ಟೀಲಿನ ಲೋಟ, ಕುಡಿಯದ ಕಾಫಿ, ಅದರ ಮೇಲೆ ಕಟ್ಟುತ್ತಿರುವ ಕೆನೆ, ಕೆನೆ —