ಕೆಟ್ಟ ಕಂಪ್ಯೂಟರಿನೊಳಗೆ ಗುರುಲಿಂಗಪ್ಪನ ದನಿ

ದಸರೆಯ ಖಂಡೇಪೂಜೆಯ ದಿನ ಮನೆಯಲ್ಲಿ ಏನೇನು ದುಡಿಯುತ್ತದೋ ಅದಕ್ಕೆಲ್ಲ ನೀರು ಮುಟ್ಟಿಸಿ, ವಿಭೂತಿ ಹಚ್ಚಿ, ಹೂ ಏರಿಸಬೇಕು. ಮೋರಟಗಿಯ ಬಾಳಮ್ಮ ಈ ವಿಷಯದಲ್ಲಿ ಯಾರಿಗೂ ಸೋಲುವವಳಲ್ಲ. ಕುಡಗೋಲು, ಕೊಡಲಿ, ಸೊಸೆಯ ಹೊಲಿಗೆ ಮಷೀನು, ಎಲ್ಲವನ್ನೂ ಪಡಸಾಲೆಯಲ್ಲಿ ಸಾಲಾಗಿ ಕೂಡಿಸಿದಳು. ಮಗ ಸಂಗಮೇಶನ ಗೊಬ್ಬರದ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದು, ಹೊಸದು ಬಂದ ಮೇಲೆ ಮನೆ ಸೇರಿದ್ದ ಹಳೆಯ ಕಂಪ್ಯೂಟರೂ ಆ ಸಾಲಿನಲ್ಲಿತ್ತು.

ಇಷ್ಟು ದುಡಿದದ್ದಕ್ಕೆ ಬರೀ ನಾಲ್ಕು ಹನಿ ಚಿಮುಕಿಸಿದರೆ ಸಾಕೇ? ಬಾಳಮ್ಮನ ಕೈ ದೊಡ್ಡದು. ತೆಂಗಿನಕಾಯಿ ಒಡೆದು, ನೀರನ್ನೆಲ್ಲ ಕಂಪ್ಯೂಟರ್ ಡಬ್ಬಿಯ ನೆತ್ತಿಯ ಮೇಲೆಯೇ ಸುರಿದಳು. ಅಲ್ಲಿ ಗಾಳಿ ಆಡಲು ಜರಡಿಯಂಥ ತೂತುಗಳಿದ್ದವು. ಅವಳು ನೋಡಿದಳು, ಆದರೆ ಪೂಜೆಯ ನೀರಿನಿಂದ ಕೇಡಾಗುತ್ತದೆಂದು ಅವಳಿಗೆ ಅನಿಸಲಿಲ್ಲ.

ಪೂಜೆಯಾದ ಮೇಲೆ ಯಂತ್ರವನ್ನು ಒಮ್ಮೆ ಚಾಲೂ ಮಾಡಿ ನಿಲ್ಲಿಸುವುದು ಆ ಮನೆಯ ಪದ್ಧತಿ. ಸಂಗಮೇಶ ಬಂದು ಕರೆಂಟಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಒಳಗೆ ಟಪ್ ಎಂದಿತು. ಸುಟ್ಟ ವಾಸನೆ ಬಂತು. ಮತ್ತೆ ಒತ್ತಿದ, ಇನ್ನೊಮ್ಮೆ ಒತ್ತಿದ. ಸಂಗಮೇಶನಿಗೆ ಯಾವುದೂ ಮೊದಲನೇ ಸಲಕ್ಕೆ ನಂಬಿಕೆಯಾಗುವುದಿಲ್ಲ.

ಊರಿನ ಮಂದಿ ಬನ್ನಿ ಕೊಟ್ಟು ತಗೊಂಡು ಮುಗಿಯುವುದರೊಳಗೆ ಅವನು ಪಟ್ಟಣದ ಒಬ್ಬ ರಿಪೇರಿಯವನಿಗೆ ಫೋನ್ ಮಾಡಿ ಎಲ್ಲ ಇತ್ಯರ್ಥ ಮಾಡಿಕೊಂಡಿದ್ದ.

"ಬೋರ್ಡ್ ಸುಟ್ಟೈತಂತ ಅವ್ವಾ. ರಿಪೇರಿ ಮಾಡಿಸೂದು ದಂಡ. ಹಂಗ ತಂದು ಕೊಡ್ರಿ, ಹೊಸಾದರ ರೊಕ್ಕದಾಗ ಒಂದೀಟು ಮುರಕೋತೇನಿ ಅಂದಾನ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸೊಸೆ ಶೈಲಶ್ರೀಯ ಕೈ ನಿಂತಿತು.

"ಅದರಾಗ ಮಾವನ ದನಿ ಐತಲ್ರಿ," ಎಂದಳು.

"ಐತಿ ಅಲ್ಲ, ಇತ್ತು," ಎಂದ ಸಂಗಮೇಶ. "ಕಂಪ್ಯೂಟರ್ ಸತ್ತ ಮ್ಯಾಲೆ ಅದರಾಗಿಂದು ಉಳೀತೈತೇನು?"

ಬಾಳಮ್ಮ ಎದ್ದು ಹಿತ್ತಿಲಿಗೆ ಹೋದಳು. ಅಲ್ಲಿ ಕೆಲಸವೇನೂ ಇರಲಿಲ್ಲ.

ಅವಳ ಗಂಡ ಗುರುಲಿಂಗಪ್ಪನಿಗೆ ಗಂಟಲಲ್ಲಿ ಗಡ್ಡೆಯಾಗಿ, ಸೊಲ್ಲಾಪುರದಲ್ಲಿ ಆಪರೇಶನ್ ಮಾಡಿಸಿದ್ದರು. ಜೀವ ಉಳಿಯಿತು, ದನಿ ಹೋಯಿತು. ಈಗ ಕತ್ತಿಗೊಂದು ಬಿಳಿ ವಸ್ತ್ರ ಸುತ್ತಿಕೊಂಡು ಕಟ್ಟೆಯ ಮೇಲೆ ಕೂಡುತ್ತಾನೆ. ನೀರು ಬೇಕಾದರೆ ಒಂದು ಚಪ್ಪಾಳೆ, ಸಿಟ್ಟು ಬಂದರೆ ಎರಡು. ಸೊಲ್ಲಾಪುರಕ್ಕೆ ಹೊರಡುವ ಹಿಂದಿನ ದಿನ ಶೈಲಶ್ರೀ ಮಾವನನ್ನು ಕೂಡಿಸಿಕೊಂಡು, ಮನೆಮಂದಿಯ ಹೆಸರನ್ನೆಲ್ಲ ಹೇಳಿಸಿ, ಎತ್ತುಗಳನ್ನು ಕರೆಯಿಸಿ ಫೋನಿನಲ್ಲಿ ಹಿಡಿದಿಟ್ಟಿದ್ದಳು. ಆಮೇಲೆ ಫೋನ್ ತುಂಬಿತೆಂದು ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸಿದ್ದಳು.

ಆ ದಿನ ಬಾಳಮ್ಮ ದಾರಿಗೆ ಬುತ್ತಿ ಕಟ್ಟುತ್ತಿದ್ದಳು. ಸೊಸೆ ಓಡಿ ಬಂದು ಕಿವಿಯಲ್ಲಿ ಹೇಳಿದ್ದಳು: "ಅತ್ತಿ, ಮಾವ ನಿಮ್ಮ ಹೆಸರ ಹಿಡದು ಕರದಾರ. ಬಂದು ಕೇಳ್ರಿ."

ಆ ಮನೆಯಲ್ಲಷ್ಟೇ ಅಲ್ಲ, ಆ ಓಣಿಯಲ್ಲೇ ಅವರ ವಯಸ್ಸಿನ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ಬಾಳಮ್ಮನಾದರೂ ಮದುವೆ ಮುಂಜಿಗಳಲ್ಲಿ ಒಡಪಿನ ಪದ ಕಟ್ಟಿ ಗಂಡನ ಹೆಸರು ಹೇಳಿದ್ದುಂಟು. ಗುರುಲಿಂಗಪ್ಪ ತನ್ನ ಮದುವೆಯಲ್ಲಿ ಎಲ್ಲರೂ ಮೇಲೆ ಬಿದ್ದು ಕಾಡಿದಾಗಲೂ ನಕ್ಕು ತಪ್ಪಿಸಿಕೊಂಡವನು. ಆಮೇಲೆ ಇಡೀ ಸಂಸಾರವನ್ನು "ಏ, ಕೇಳಸ್ತೇನು", "ಸಂಗ್ಯಾನ ಅವ್ವ" ಎಂಬ ಎರಡು ಕರೆಯಲ್ಲೇ ನಡೆಸಿದ. ಅಂಥವನು ಹೆಸರು ಹಿಡಿದು ಕರೆದಿದ್ದಾನೆ ಎಂದು ಕೇಳಿ ಬಾಳಮ್ಮನ ಮುಖ ಕೆಂಪೇರಿತ್ತು. "ಆಮ್ಯಾಲೆ ಕೇಳತೇನಿ ತಗೋ," ಎಂದು ರೊಟ್ಟಿ ಎಣಿಸುವ ನೆಪ ಮಾಡಿದ್ದಳು.

ಆಮೇಲೆ ಕೇಳಲೇ ಇಲ್ಲ. ಆಸ್ಪತ್ರೆಯ ಓಡಾಟ, ಹೊಲದ ಕೆಲಸ. ಅದೆಲ್ಲ ತೀರಿದ ಮೇಲೆ, ಗಂಡನ ದನಿ ಹಚ್ಚಿಕೊಡು ಎಂದು ಸೊಸೆಯನ್ನು ಕೇಳಲು ನಾಚಿಕೆ. ಡಬ್ಬಿಯಲ್ಲಿದೆಯಲ್ಲ, ಅದೆಲ್ಲಿ ಓಡಿಹೋದೀತು ಎಂದುಕೊಂಡಿದ್ದಳು. ಈಗ ಆ ಡಬ್ಬಿಗೆ ತಾನೇ ನೀರು ಹೊಯ್ದಿದ್ದಳು. ಹಿತ್ತಿಲಲ್ಲಿ ನಿಂತು ಅವಳು ಅತ್ತಳು.

ಮರುದಿನ ಸಂಗಮೇಶ ಡಬ್ಬಿಯನ್ನು ಮೋಟಾರ್‌ಸೈಕಲ್ಲಿಗೆ ಕಟ್ಟಲು ಹಗ್ಗ ತಂದ. ಬಾಳಮ್ಮ ಬಂದು ಡಬ್ಬಿಯ ಮೇಲೆ ಕೈಯಿಟ್ಟಳು.

"ಇದು ಎಲ್ಲೂ ಹೋಗೂದಿಲ್ಲ."

"ಅವ್ವಾ, ಕೆಟ್ಟಿದ್ದನ್ನ ಇಟಗೊಂಡು ಏನ್ ಮಾಡ್ತಿ?"

"ನಿಮ್ಮಪ್ಪನ ದನಿ ಐತಿ ಅದರಾಗ."

ಸಂಗಮೇಶನ ಮಾತು ಸ್ವಲ್ಪ ಮೆತ್ತಗಾಯಿತು. "ನನಗೇನು ಹೊಟ್ಟಿ ಉರಿಯೂದಿಲ್ಲೇನು? ನಾ ಹುಷಾರಿಲೆ ಎರಡ ಕಡೆ ಇಟ್ಟಿದ್ನಿ. ಸಿ ಡ್ರೈವಿನ್ಯಾಗೊಂದು, ಡಿ ಡ್ರೈವಿನ್ಯಾಗೊಂದು. ಎರಡೂ ಹೋದ್ವು."

ಕಟ್ಟೆಯ ಮೇಲಿಂದ ಗುರುಲಿಂಗಪ್ಪ ಚಪ್ಪಾಳೆ ತಟ್ಟಿದ. ಹೋಗಲಿ ಬಿಡು ಎಂಬಂತೆ ಕೈ ಬೀಸಿದ.

"ನೀವು ಸುಮ್ನ ಕೂಡ್ರಿ," ಎಂದು ಬಾಳಮ್ಮ ಗದರಿದಳು. ಯಾರಿಗೆ ಏನು ಅಂದೆ ಎಂಬುದು ಹೊಳೆದ ಮೇಲೆ ಅವಳು ಸೆರಗನ್ನು ಬಾಯಿಗೆ ಹಿಡಿದಳು. ಗುರುಲಿಂಗಪ್ಪ ಮಾತ್ರ ಬಾಯಿ ತುಂಬ ನಕ್ಕ, ದನಿಯಿಲ್ಲದೆ.

ಶೈಲಶ್ರೀ ಇದನ್ನೆಲ್ಲ ನೋಡಿ ತನ್ನ ಗೆಳತಿ ಮೆಹನಾಜಳಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು. ಇಬ್ಬರೂ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಮೆಹನಾಜ ಈಗ ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸು ನಡೆಸುತ್ತಾಳೆ.

"ಮದ್ಲ ಹೇಳು, ಇನ್ನೂ ಕರೆಂಟ್ ಕೊಡಾಕತ್ತೀರೇನು?" ಎಂದು ಕೇಳಿದಳು ಮೆಹನಾಜ.

"ಇವ್ರು ಮೂರ ಸರ್ತಿ ಒತ್ಯಾರ."

"ಇನ್ನ ಒತ್ತಬ್ಯಾಡ ಅನ್ನು. ನೀರು ಬಿದ್ದದ್ದಕ್ಕಿಂತ, ಹಸಿ ಇದ್ದಾಗ ಕರೆಂಟ್ ಕೊಟ್ಟದ್ದು ಕೇಡು. ಒಲಿ ಮುಂದ ಇಡಬ್ಯಾಡ್ರಿ, ಬಿಸಲಾಗ ಇಡಬ್ಯಾಡ್ರಿ. ಗಾಳ್ಯಾಗ ಆರಲಿ. ಆಮ್ಯಾಲೆ ಹಂಗ ತಗೊಂಡು ಬರ್ರಿ."

ಡಬ್ಬಿ ಚೆನ್ನಾಗಿ ಆರಿದ ಮೇಲೆ ಎಲ್ಲರೂ ಸಿಂದಗಿಗೆ ಹೊರಟರು. ಬಸ್ಸಿನಲ್ಲಿ ಬಾಳಮ್ಮ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಂಡಕ್ಟರ್ ಕೆಳಗಿಡು ಎಂದರೂ ಕೇಳಲಿಲ್ಲ.

ಕ್ಲಾಸಿನ ಕೋಣೆಯಲ್ಲಿ ಮೆಹನಾಜ ತಿರುಪು ಬಿಚ್ಚಿ ಡಬ್ಬಿಯ ಪಕ್ಕದ ತಗಡು ತೆಗೆದಳು. ಒಳಗಿನ ಹಸಿರು ಹಲಗೆಯ ಮೇಲೆ ಕರಿ ಕಲೆಯಿತ್ತು. ಕೆಳಗಿನ ಮೂಲೆಯಿಂದ ಅಂಗೈ ಅಗಲದ ಒಂದು ಲೋಹದ ಪೆಟ್ಟಿಗೆಯನ್ನು ಹೊರಗೆಳೆದಳು. ಅದಕ್ಕೆ ಎರಡು ತಂತಿ ಸಿಕ್ಕಿಸಿದ್ದರು.

"ಇದು ಹಾರ್ಡ್ ಡಿಸ್ಕ್ ನೋಡ್ರಿ ಅವ್ವಾ. ನೀವು ಇಟ್ಟದ್ದೆಲ್ಲಾ ಇದರಾಗ ಇರತೈತಿ. ನೀರು ಇಲ್ಲೀತನ ಬಂದಿಲ್ಲ, ಒಣಾನೇ ಐತಿ."

"ಆದ್ರ ಬೋರ್ಡ್ ಸುಟ್ಟೈತಲ್ರಿ ಅಕ್ಕಾರ," ಎಂದ ಸಂಗಮೇಶ.

"ಅಣ್ಣಾ, ಗಿರಣಿ ಮೋಟಾರ್ ಸುಟ್ರ ಚೀಲದಾಗಿನ ಜ್ವಾಳ ಸುಡತಾವೇನ್ರಿ?"

"ಇಲ್ಲ. ಬ್ಯಾರೆ ಗಿರಣಿಗೆ ಒಯ್ತೇವಿ."

"ನಾನೂ ಅದನ್ನ ಮಾಡಾಕತ್ತೇನಿ. ಈ ಡಿಸ್ಕನ್ನ ನನ್ನ ಕಂಪ್ಯೂಟರಿಗೆ ಜೋಡಸ್ತೇನಿ."

"ಮತ್ತ ಎಕ್ಸ್‌ಚೇಂಜಿನ್ಯಾಗ ಕೊಟ್ಟು ಬಿಟ್ಟಿದ್ರ?"

"ಚೀಲ ಸಹಿತ ಗಿರಣಿ ಕೊಟ್ಟಂಗ ಆಗತಿತ್ತು. ನಿಮ್ಮ ಮನಿ ಹೆಣ್ಮಕ್ಕಳ ಫೋಟೋ, ಆಧಾರ್ ಕಾರ್ಡು, ಬ್ಯಾಂಕಿನ ಕಾಗದ, ಎಲ್ಲಾ ಗುರ್ತು ಇಲ್ಲದವ್ರ ಕೈಗೆ."

ಸಂಗಮೇಶ ತಲೆ ಕೆರೆದುಕೊಂಡ. ತಾನು ಸಿ ಡ್ರೈವಿನಲ್ಲೊಂದು, ಡಿ ಡ್ರೈವಿನಲ್ಲೊಂದು ಇಟ್ಟಿದ್ದನ್ನು ಆಗ ಹೇಳಿಕೊಂಡ.

"ಒಂದ ಟ್ರಂಕಿನ್ಯಾಗ ನಡುವ ಹಲಗಿ ಹಾಕಿದ್ರ ಎರಡು ಟ್ರಂಕ್ ಆಗತಾವೇನು?" ಎಂದಳು ಮೆಹನಾಜ. "ಟ್ರಂಕ್ ಕಳದ್ರ ಎರಡೂ ಕಡೆದ್ದು ಕಳೀತೈತಿ. ಸಿ, ಡಿ ಎರಡೂ ಈ ಒಂದ ಡಿಸ್ಕಿನ್ಯಾಗ ಅದಾವ."

ಅವಳು ಡಿಸ್ಕಿಗೆ ತನ್ನ ಕೇಬಲ್ ಸಿಕ್ಕಿಸಿ ಕಿವಿಗೊಟ್ಟಳು. ಮೆಲ್ಲಗೆ ತಿರುಗುವ ಸದ್ದು ಮಾತ್ರ ಬಂತು. ಕಟಕಟ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ, ದೊಡ್ಡ ಊರಿನಲ್ಲಿ ಅದೇ ಕೆಲಸ ಮಾಡುವವರಿಗೆ ಕಳಿಸಬೇಕಾಗುತ್ತಿತ್ತು ಎಂದಳು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚೌಕ ಮೂಡಿತು: ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ?

ಸಂಗಮೇಶ ಓದಿದ. ಮುಂದಕ್ಕೆ ಬಾಗಿ, ಹೌದು ಎಂದು ಒತ್ತಲು ಮೌಸಿಗೆ ಕೈ ಹಾಕಿದ.

ಮೆಹನಾಜ ಅವನ ಕೈ ಕೆಳಗಿಂದ ಮೌಸನ್ನೇ ಎಳೆದುಕೊಂಡಳು. "ಅಣ್ಣಾ, ಫಾರ್ಮ್ಯಾಟ್ ಅಂದ್ರ ಹೊಲಾ ಹರಗಿ ಸ್ವಚ್ಛ ಮಾಡೂದು. ಬೆಳಿ ಐತಿ ಅಂದ್ರ ಹರಗ್ತೀರೇನು?"

ಬಾಳಮ್ಮನಿಗೆ ಚೌಕ ತಿಳಿಯಲಿಲ್ಲ, ಕಂಪ್ಯೂಟರ್ ತಿಳಿಯಲಿಲ್ಲ. ಮಗ ಮತ್ತೆ ಏನೋ ಒತ್ತಲು ಹೋಗಿದ್ದ ಎಂಬುದು ಮಾತ್ರ ತಿಳಿಯಿತು. "ನೀ ಹಿಂದ ಸರದು ಕೂಡು," ಎಂದಳು. ಸಂಗಮೇಶ ಹೋಗಿ ಗೋಡೆಗೆ ಒರಗಿ ಕೂತ.

"ಸಿಗತೈತೇನವ್ವಾ?" ಎಂದು ಬಾಳಮ್ಮ ಕೇಳಿದಳು.

"ಖಾತ್ರಿ ಕೊಡಾಕ ಆಗೂದಿಲ್ರಿ. ಒಮ್ಮಿಗಲೇ ಬಂದ್ ಆಗಿದ್ದಕ್ಕ ಯಾವುದು ಎಲ್ಲೈತಿ ಅನ್ನೂ ಒಳಗಿನ ಲೆಕ್ಕ ತಪ್ಪೈತಿ. ಹುಡುಕೂ ಸಾಫ್ಟ್‌ವೇರ್ ಐತಿ, ಹಚ್ಚತೇನಿ. ಸಿಕ್ಕದ್ದನ್ನ ಇದರಾಗ ವಾಪಸ್ ಇಡಬಾರ್ದು, ಬ್ಯಾರೆ ಡಿಸ್ಕಿನ್ಯಾಗ ಇಡಬೇಕು. ಇಲ್ಲಂದ್ರ ಸಿಕ್ಕದ್ದರ ಕೆಳಗ ಇನ್ನೂ ಸಿಗದದ್ದು ಮುಚ್ಚಿ ಹೋಗತೈತಿ."

ಹುಡುಕಾಟಕ್ಕೆ ಬಹಳ ಹೊತ್ತು ಹಿಡಿಯಿತು. ಮೆಹನಾಜ ಎರಡು ಕ್ಲಾಸು ಮುಗಿಸಿ ಬಂದಳು. ಶೈಲಶ್ರೀ ತಂದ ಬುತ್ತಿ ಬಿಚ್ಚಿದರು. ಬಾಳಮ್ಮ ರೊಟ್ಟಿ ಮುರಿದಳು, ತಿನ್ನಲಿಲ್ಲ. ಗುರುಲಿಂಗಪ್ಪ ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಅವನಿಗೆ ಒಳಗೆ ಕೂಡಲು ಸಂಕೋಚ.

ಕೊನೆಗೆ ದನಿಯ ಫೈಲುಗಳು ಸಿಕ್ಕವು. ಆದರೆ ಯಾವುದಕ್ಕೂ ಹೆಸರಿರಲಿಲ್ಲ, ಬರೀ ನಂಬರು. ಒಂದೊಂದನ್ನೇ ಹಚ್ಚಿ ಕೇಳಬೇಕಾಯಿತು. ಒಂದರಲ್ಲಿ ಗೊಬ್ಬರದ ಜಾಹೀರಾತು. ಒಂದರಲ್ಲಿ ಯಾರದೋ ಮದುವೆಯ ಬ್ಯಾಂಡು. ಒಂದು ಅರ್ಧಕ್ಕೇ ಗರಗರ ಎಂದು ನಿಂತಿತು. ಬಾಳಮ್ಮ ಪರದೆಯ ಹತ್ತಿರಕ್ಕೆ ಸರಿದು ಕೂತಳು. ಅರ್ಧಕ್ಕೆ ನಿಂತದ್ದು ಅದೇ ಆಗಿದ್ದರೆ?

ಆಮೇಲೆ ಒಂದರಲ್ಲಿ ಶೈಲಶ್ರೀಯ ದನಿ ಬಂತು. "ಮಾವ, ಎಲ್ಲಾರ ಹೆಸರಾತು. ಇನ್ನ ಅತ್ತಿದು ಹೇಳ್ರಿ."

ಕೆಮ್ಮಿನ ಸದ್ದು. ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು. ಆ ಬಡಿಯುವ ಕೈ ತನ್ನದೇ ಎಂಬುದು ಬಾಳಮ್ಮನಿಗೆ ತಿಳಿಯಿತು. ಆಮೇಲೆ ಗುರುಲಿಂಗಪ್ಪನ ದಪ್ಪ ದನಿ: "ಅಕಿ ಹೆಸರು ಯಾಕ ಬೇಕವ್ವಾ? ಕರಿಯೂಕಿಂತ ಮದ್ಲ ಬಂದು ನಿಂತಿರತಾಳ."

"ಹಂಗಲ್ರಿ ಮಾವ. ಒಮ್ಮೆ ಕರೀರಿ."

ರೊಟ್ಟಿ ಬಡಿಯುವ ಸದ್ದು ನಡೆದೇ ಇತ್ತು. ಆಮೇಲೆ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿದಂತೆ, ಎಳೆದು, ನಿಚ್ಚಳವಾಗಿ ಬಂತು:

"ಏ ಬಾಳವ್ವಾ..."

"ಓ," ಎಂದಳು ಬಾಳಮ್ಮ, "ಬಂದೆ." ಮುರಿದ ರೊಟ್ಟಿ ಕೈಯಲ್ಲಿ ಹಿಡಿದು ಎದ್ದೇ ನಿಂತಳು.

ಯಾರೂ ನಗಲಿಲ್ಲ. ಹೊರಗೆ ಕೂತಿದ್ದ ಗುರುಲಿಂಗಪ್ಪ ಬಾಗಿಲಿಗೆ ಬಂದು ನಿಂತಿದ್ದ. ಅವನ ದನಿ ಅವನಿಗೂ ಕೇಳಿಸಿತ್ತು, ಅವಳು ಓಗೊಟ್ಟದ್ದೂ ಕೇಳಿಸಿತ್ತು. ಬಾಳಮ್ಮ ನಾಚಿಕೆ ಬಿಟ್ಟು ಅವನನ್ನು ನೋಡಿದಳು.

"ಇನ್ನೊಮ್ಮೆ ಹಚ್ಚವ್ವಾ," ಎಂದಳು ಮೆಹನಾಜಳಿಗೆ.

ಸಂಗಮೇಶ ಅದೇ ದಿನ ಸಿಂದಗಿಯ ಬಜಾರಿನಲ್ಲಿ ಒಂದು ಬೇರೆ ಡಿಸ್ಕ್, ಒಂದು ಪೆನ್‌ಡ್ರೈವ್ ಕೊಂಡ. ದನಿಯನ್ನು ಎರಡರಲ್ಲೂ ಹಾಕಿಸಿದ. ಡಿಸ್ಕ್ ತಮ್ಮ ಮನೆಯಲ್ಲಿ, ಪೆನ್‌ಡ್ರೈವ್ ದೇವರ ಹಿಪ್ಪರಗಿಯಲ್ಲಿರುವ ತನ್ನ ಅಕ್ಕನ ಮನೆಯಲ್ಲಿ. ಸುಟ್ಟ ಡಬ್ಬಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟ, ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಂಡೇ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಮೂಲೆಯಲ್ಲೂ ಒಂದು ಕೆಟ್ಟ ಕಂಪ್ಯೂಟರ್ ಧೂಳು ತಿನ್ನುತ್ತಿರಬಹುದು. ಅದು ಚಾಲೂ ಆಗದಿದ್ದರೆ ಒಳಗಿನದೆಲ್ಲ ಹೋಯಿತೆಂದು ತಿಳಿಯಬೇಡಿ. ಗುಜರಿಗೆ ಹಾಕುವ ಮುಂಚೆ ತಿಳಿದವರಿಂದ ಹಾರ್ಡ್ ಡಿಸ್ಕ್ ತೆಗೆಸಿ ನೋಡಿಸಿ. ನೀರು ಬಿದ್ದಿದ್ದರೆ ಕರೆಂಟ್ ಕೊಡಬೇಡಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ. ಎಲ್ಲರಿಗೂ ಎಲ್ಲವೂ ವಾಪಸ್ ಸಿಗುವುದಿಲ್ಲ. ಬಾಳಮ್ಮನಿಗೂ ಸಿಗದೇ ಹೋಗಬಹುದಿತ್ತು. ಆದ್ದರಿಂದ ಕಂಪ್ಯೂಟರ್ ಚೆನ್ನಾಗಿರುವಾಗಲೇ ಬೇಕಾದದ್ದನ್ನು ಬೇರೊಂದು ಡಿಸ್ಕಿಗೆ ಹಾಕಿ, ಬೇರೊಂದು ಮನೆಯಲ್ಲಿ ಇಡಿ. ಆಮೇಲೆ ಕೇಳೋಣ, ಆಮೇಲೆ ನೋಡೋಣ ಎಂದು ಬಿಟ್ಟದ್ದು ಏನಾದರೂ ಇದ್ದರೆ, ಇವತ್ತೇ ಹಚ್ಚಿ ಕೇಳಿ.